ಅಂತಿಮ ದಿನಗಳ ಶುಶ್ರೂಷೆಗೂ ಕಲಿಕೆ ಬೇಕು

ಕಳೆದ ತಿಂಗಳು ಭಕ್ತರೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದು ತಮ್ಮ ಸಂಕಟವನ್ನು ತೋಡಿಕೊಂಡರು. ಅವರ ತಂದೆಯವರಿಗೆ ಬಾಯಿಯ ಕ್ಯಾನ್ಸರ್. ಇನ್ನು ಚಿಕಿತ್ಸೆಯಿಂದ ಫಲವಿಲ್ಲವೆಂದು ಆಸ್ಪತ್ರೆಯವರು ಮನೆಗೆ ಕಳುಹಿಸಿದ್ದರು. "ಸಂಸ್ಥೆಯೊಂದರಿಂದ ನರ್ಸ್ ಕರೆಸಿದ್ದೇವೆ, ಡಾಕ್ಟರೇ. ಹಗಲು ರಾತ್ರಿ ಮನೆಯಲ್ಲೇ ಇರುತ್ತಾಳೆ. ಆದರೂ ಅಪ್ಪಾಜಿ ನರಳುವುದು ನಿಂತಿಲ್ಲ. ಈಗ ಬೆನ್ನಿಗೆ ಹುಣ್ಣೂ ಆಗಿದೆ" ಎಂದರು. ವಿಚಾರಿಸಿದಾಗ ತಿಳಿದದ್ದೇನೆಂದರೆ, ಆ ಹುಡುಗಿ ನರ್ಸಿಂಗ್ ಓದಿದವಳೇ ಅಲ್ಲ. ಹದಿನೈದು ದಿನ ಏನನ್ನೋ ಕಲಿಸಿ, ಬಿಳಿಯ ಕೋಟು ತೊಡಿಸಿ ಕಳುಹಿಸಿದ್ದರು. ಅವಳಲ್ಲಿ ಅಕ್ಕರೆಗೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ತಿಳಿವಳಿಕೆಗೆ.

ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ. ಪರಿಚಾರಕನಲ್ಲಿರಬೇಕಾದ ಗುಣಗಳೂ ನಾಲ್ಕು: ಉಪಚಾರದ ಜ್ಞಾನ, ದಕ್ಷತೆ, ರೋಗಿಯಲ್ಲಿ ಅನುರಾಗ ಮತ್ತು ಶುಚಿತ್ವ. ಅನುರಾಗಕ್ಕಿಂತ ಮೊದಲು ಜ್ಞಾನವನ್ನು ಎಣಿಸಿರುವುದನ್ನು ಗಮನಿಸಬೇಕು. ಅದೇ ಗ್ರಂಥದ ಇಂದ್ರಿಯಸ್ಥಾನದಲ್ಲಿ ಮರಣ ಸಮೀಪಿಸಿದುದರ ಲಕ್ಷಣಗಳು ವಿಸ್ತಾರವಾಗಿವೆ. ಅವುಗಳನ್ನು ನಾವು ಕಾಲೇಜಿನಲ್ಲಿ ಕಂಠಪಾಠ ಮಾಡಿದ್ದೆವು. ಆದರೆ ಆ ಲಕ್ಷಣಗಳು ಕಂಡ ಮೇಲೆ ಹಾಸಿಗೆಯ ಪಕ್ಕದಲ್ಲಿ ಕುಳಿತು ಏನು ಮಾಡಬೇಕೆಂಬುದನ್ನು ನಮಗಾರೂ ಕಲಿಸಲಿಲ್ಲ.

ಅದರ ಫಲವನ್ನು ನಾವು ಅನುಭವಿಸಿದ್ದೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಪರಿಚಯದ ಮನೆಯ ಹಿರಿಯ ತಾಯಿಯೊಬ್ಬರು ಕೊನೆಯ ಘಟ್ಟದಲ್ಲಿದ್ದರು. ಹೊಟ್ಟೆ ಬರಿದಾಗಿರಬಾರದು, ಚಮಚದಿಂದ ಗಂಜಿಯನ್ನು ಹಾಕುತ್ತಿರಿ ಎಂದು ಮನೆಯವರಿಗೆ ಹೇಳಿದವರು ನಾವೇ. ಆ ಹೊತ್ತಿಗೆ ಉಪಶಮನ ಆರೈಕೆಯ ಘಟಕದಿಂದ ಬಂದ ಸಿಸ್ಟರ್ ಒಬ್ಬರು ಚಮಚವನ್ನು ಮೆಲ್ಲಗೆ ತೆಗೆದಿಟ್ಟು, "ಡಾಕ್ಟರೇ, ಅಮ್ಮನವರು ನುಂಗುತ್ತಿಲ್ಲ. ಗಂಜಿ ಶ್ವಾಸಕೋಶಕ್ಕೆ ಇಳಿಯುತ್ತದೆ. ತುಟಿ, ನಾಲಿಗೆ ಒದ್ದೆ ಮಾಡಿದರೆ ಸಾಕು" ಎಂದರು. ಶುಭ್ರವಾದ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಬಾಯಿಯನ್ನು ಒರೆಸಿ, ತಾಯಿಯನ್ನು ಮಗ್ಗುಲಿಗೆ ಹೊರಳಿಸಿದರು. ಗಂಟಲಿನ ಗೊರಗೊರ ಸದ್ದು ತಗ್ಗಿತು. ಅವರ ವಯಸ್ಸು ಮೂವತ್ತನ್ನೂ ದಾಟಿರಲಿಲ್ಲ. ನಮ್ಮದು ಮೂವತ್ತು ವರ್ಷಗಳ ಅನುಭವವಾಗಿತ್ತು.

ಈ ವಿದ್ಯೆಗೆ ಆಧುನಿಕ ಕಾಲದಲ್ಲಿ ರೂಪ ಕೊಟ್ಟವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. ಅವರು ಮೊದಲು ದಾದಿಯಾಗಿ, ಬಳಿಕ ಆಸ್ಪತ್ರೆಯ ಸಮಾಜಸೇವಕಿಯಾಗಿ ದುಡಿದು, ಅನಂತರ ವೈದ್ಯೆಯಾದರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಅನ್ನು ಸ್ಥಾಪಿಸಿದರು. ಹಾಸ್ಪಿಸ್ ಎಂದರೆ ಗುಣವಾಗದ ರೋಗಿಗಳ ಕೊನೆಯ ದಿನಗಳ ಆರೈಕೆಯ ತಾಣ. ಸಾಯುವವರ ನೋವು ದೇಹದ್ದು ಮಾತ್ರವಲ್ಲ, ಮನಸ್ಸಿನದು, ಸಂಸಾರದ್ದು, ಆತ್ಮದ್ದು ಎಲ್ಲವೂ ಕೂಡಿದ್ದು ಎಂಬುದು ಅವರ ಬೋಧನೆ. ಭಾರತದ ಮೊದಲ ಹಾಸ್ಪಿಸ್ 1986ರಲ್ಲಿ ಮುಂಬಯಿಯಲ್ಲಿ ಆರಂಭವಾದ ಶಾಂತಿ ಆವೇದನಾ ಸದನ. ನಮ್ಮ ಬೆಂಗಳೂರಿನ ಕರುಣಾಶ್ರಯವು ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತದೆ.

ಕಲಿತ ಶುಶ್ರೂಷಕಿಗೆ ಏನು ಗೊತ್ತಿರುತ್ತದೆ? ನೋವನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕೆಯಲ್ಲಿ ರೋಗಿಯಿಂದಲೇ ಕೇಳಿ ಬರೆದಿಡುತ್ತಾರೆ. ಮಾತನಾಡಲಾರದವರ ಹುಬ್ಬಿನ ಗಂಟು, ಬಿಗಿದ ಮುಷ್ಟಿಗಳಿಂದಲೇ ನೋವನ್ನು ಅರಿಯುತ್ತಾರೆ. ಮಾರ್ಫಿನ್ ಮಾತ್ರೆಯನ್ನು ನೋವು ಬಂದ ಮೇಲಲ್ಲ, ಗಡಿಯಾರ ನೋಡಿ, ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ ಕೊಡಬೇಕು. ಅದರಿಂದ ಮಲಬದ್ಧತೆ ಖಂಡಿತವಾದ್ದರಿಂದ ವಿರೇಚಕವೂ ಜೊತೆಗಿರಬೇಕು. ಮಾರ್ಫಿನ್ ಎಂದೊಡನೆ ಚಟ ಹಿಡಿಯುತ್ತದೆ ಎಂದು ಮನೆಯವರು ಹೆದರುವುದುಂಟು. ತರಬೇತಾದ ವೈದ್ಯರ ಲೆಕ್ಕದಂತೆ ಕ್ಯಾನ್ಸರ್ ನೋವಿಗೆ ಕೊಟ್ಟಾಗ ಆ ಭಯಕ್ಕೆ ಆಧಾರ ಬಹಳ ಕಡಿಮೆ. 1985ರ ಮಾದಕ ದ್ರವ್ಯಗಳ ಕಾಯಿದೆಯ ಬಿಗಿಯಿಂದ ಈ ಔಷಧವೇ ದುರ್ಲಭವಾಗಿತ್ತು. 2014ರ ತಿದ್ದುಪಡಿಯು ಆ ಬಿಗಿಯನ್ನು ಸಡಿಲಿಸಿತು. ಬಾಯಿಯ ಹುಣ್ಣು ಕೊಳೆತು ನಾರುವಾಗ ಮನೆಯವರೇ ಹತ್ತಿರ ಸುಳಿಯಲು ಹಿಂಜರಿಯುತ್ತಾರೆ. ಆಗ ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿಮಾಡಿ ಹುಣ್ಣಿಗೆ ಉದುರಿಸಿದರೆ ವಾಸನೆ ಇಳಿಯುತ್ತದೆ. ಇಷ್ಟು ಸಣ್ಣ ತಿಳಿವಳಿಕೆಯಿಂದ ಮೊಮ್ಮಕ್ಕಳು ಮತ್ತೆ ಅಜ್ಜನ ಹಾಸಿಗೆಯ ಬಳಿ ಕುಳಿತುದನ್ನು ನಾವು ಕಂಡಿದ್ದೇವೆ. ಇವೆಲ್ಲವೂ ವೈದ್ಯರ ಸೂಚನೆಯಂತೆ ನಡೆಯಬೇಕು, ಓದಿದವರು ತಾವೇ ಪ್ರಯೋಗಿಸತಕ್ಕದ್ದಲ್ಲ.

ಅಮೆರಿಕದಲ್ಲಿ ಈ ವಿದ್ಯೆಗೆ ಪ್ರತ್ಯೇಕ ಪ್ರಮಾಣಪತ್ರವಿದೆ. ನೋಂದಾಯಿತ ನರ್ಸ್ ಆಗಿದ್ದವರು ಹಿಂದಿನ ಹನ್ನೆರಡು ತಿಂಗಳಲ್ಲಿ 500 ಗಂಟೆ ಅಥವಾ ಎರಡು ವರ್ಷಗಳಲ್ಲಿ 1000 ಗಂಟೆ ಇಂಥ ರೋಗಿಗಳ ಸೇವೆ ಮಾಡಿದ ಮೇಲೆಯೇ ಪರೀಕ್ಷೆಗೆ ಕೂರಬಹುದು. ತೇರ್ಗಡೆಯಾದರೂ ಪತ್ರಕ್ಕೆ ನಾಲ್ಕೇ ವರ್ಷಗಳ ಆಯುಸ್ಸು, ಬಳಿಕ ನವೀಕರಿಸಬೇಕು. ನಮ್ಮ ವೈದ್ಯ ಪದವಿಗಳಿಗೂ ಇಂಥ ನಿಯಮವಿದ್ದಿದ್ದರೆ ನಮ್ಮಲ್ಲಿ ಎಷ್ಟು ಮಂದಿ ಉಳಿಯುತ್ತಿದ್ದೆವೋ!

ನಮ್ಮ ದೇಶದಲ್ಲಿ ಕಟ್ಟುಪಾಡು ಅಷ್ಟು ಬಿಗಿಯಿಲ್ಲ, ಆದರೆ ದಾರಿಯಿದೆ. ಕೇರಳದ ಕೋಳಿಕೋಡಿನ ಉಪಶಮನ ವೈದ್ಯ ಸಂಸ್ಥೆ ಹಾಗೂ ತಿರುವನಂತಪುರದ ಪಾಲಿಯಂ ಇಂಡಿಯಾ ನರ್ಸ್‌ಗಳಿಗೆ ಆರು ವಾರಗಳ ತರಬೇತಿಯನ್ನೂ, ಸಹಾಯಕ ಶುಶ್ರೂಷಕಿಯರಿಗೆ ಮೂರು ತಿಂಗಳ ತರಬೇತಿಯನ್ನೂ ನಡೆಸುತ್ತ ಬಂದಿವೆ. ಭಾರತೀಯ ಉಪಶಮನ ಆರೈಕೆ ಸಂಘದ ಪ್ರಮಾಣಪತ್ರ ಶಿಕ್ಷಣವೂ ಉಂಟು. ನರ್ಸಿಂಗ್ ಓದಿದ ಮಕ್ಕಳಿರುವ ಮನೆಯವರು ಇದನ್ನು ಅವರ ಕಿವಿಗೆ ಹಾಕಬೇಕು.

ಮನೆಗೆ ಶುಶ್ರೂಷಕಿಯನ್ನು ಕರೆಸುವವರು ಸಂಬಳವನ್ನು ಮಾತನಾಡುವ ಮೊದಲು ಮೂರು ಪ್ರಶ್ನೆ ಕೇಳಲಿ. ಓದಿದ್ದು ಯಾವ ಕೋರ್ಸು? ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿ ಸಂಖ್ಯೆ ಏನು? ಕೊನೆಯ ಘಟ್ಟದ ರೋಗಿಗಳ ಆರೈಕೆಯನ್ನು ಎಲ್ಲಿ, ಎಷ್ಟು ದಿನ ಕಲಿತದ್ದು? ನಾಲ್ಕನೆಯದನ್ನು ನಮ್ಮಂಥ ವೈದ್ಯರನ್ನೂ ಕೇಳಬಹುದು: ಇದು ನಿಮಗೆ ಗೊತ್ತೇ, ಅಥವಾ ಗೊತ್ತಿರುವವರ ಬಳಿಗೆ ಕಳುಹಿಸುತ್ತೀರಾ?

ಆ ಭಕ್ತರನ್ನು ನಾವು ಉಪಶಮನ ಆರೈಕೆಯ ವಿಭಾಗವಿರುವ ಆಸ್ಪತ್ರೆಗೆ ಕಳುಹಿಸಿದೆವು. ಈಗ ವಾರಕ್ಕೆರಡು ಬಾರಿ ಅಲ್ಲಿಯ ಸಿಸ್ಟರ್ ಮನೆಗೆ ಬರುತ್ತಾರೆ. ಹಿಂದಿನ ಹುಡುಗಿಯನ್ನು ಬಿಡಿಸಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಕ್ರಮವನ್ನು ಸಿಸ್ಟರ್ ಅವಳಿಗೆ ಕಲಿಸಿದ್ದಾರೆ. ಹಿರಿಯರ ನೋವಿನ ಅಂಕೆಯನ್ನೂ ಮಾತ್ರೆ ಕೊಟ್ಟ ವೇಳೆಯನ್ನೂ ಅವಳೇ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಮೊನ್ನೆ ನಾವು ಹೋದಾಗ ಆ ಪುಸ್ತಕವನ್ನು ನಮ್ಮ ಮುಂದೆ ಹಿಡಿದು, ಮೂರು ತಿಂಗಳ ತರಬೇತಿಗೆ ತನ್ನನ್ನು ಸೇರಿಸಿಕೊಳ್ಳುತ್ತಾರೆಯೇ ಎಂದು ಕೇಳಿದಳು.