ಗಬ್ಬ ಕಾಯುವವರು ಯಾರು? ಯಡಿಯೂರಿನ ಹಸು, ಕುಣಿಗಲ್ಲಿನ ಕುದುರೆ

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ಕು ಜನ ಯಡಿಯೂರಿಗೆ ಹೋಗಿದ್ದೆವು. ನಮ್ಮ ಕ್ಲಾಸಿನ ಗೆಳೆಯನ ಊರು ಅದು. ಸಿದ್ಧಲಿಂಗೇಶ್ವರನ ದರ್ಶನ, ಮಧ್ಯಾಹ್ನ ದಾಸೋಹದಲ್ಲಿ ಊಟ, ಸಂಜೆ ಬೆಂಗಳೂರು ಬಸ್ಸು ಹತ್ತೋದು. ಇಷ್ಟೇ ಪ್ಲಾನು. ಆದರೆ ಅವರ ಮನೆಗೆ ಹೋದಾಗ ಅಜ್ಜಿ ಕೊಟ್ಟಿಗೆ ಬಾಗಿಲಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು. ಹಿಂದಿನ ರಾತ್ರಿ ಹಸು ಕಂದು ಹಾಕಿತ್ತು.

“ನಾಕು ತಿಂಗ್ಳು ತುಂಬಿತ್ತಂತೆ ಕಣಪ್ಪ. ನಮಗೆ ಗೊತ್ತೇ ಆಗ್ಲಿಲ್ಲ. ಬೆದೆಗೇ ಬತ್ತಿಲ್ವಲ್ಲ ಅಂತ ಸೂಜಿ ಹಾಕ್ಸಿದ್ವಿ. ಮೂರು ದಿನಕ್ಕೆ ಹಿಂಗಾಯ್ತು” ಅಂದರು.

ನಡೆದದ್ದು ಇಷ್ಟು. ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸಿದ್ದರು. ಮೂರು ವಾರಕ್ಕೆ ಮತ್ತೆ ಬೆದೆಯ ಲಕ್ಷಣ ಕಂಡಂತಾಯ್ತು, ಹಾಗಾಗಿ ಗಬ್ಬ ನಿಂತಿಲ್ಲ ಅಂದುಕೊಂಡರು. ಗಬ್ಬವಾದ ಹಸುಗಳಲ್ಲೂ ಒಮ್ಮೊಮ್ಮೆ ಹಾಗೆ ಕಾಣುತ್ತದೆ ಅನ್ನೋದು ಅವರಿಗೆ ಗೊತ್ತಿರಲಿಲ್ಲ, ನಮಗಂತೂ ಇಲ್ಲವೇ ಇಲ್ಲ. ಆಮೇಲೆ ತಿಂಗಳುಗಟ್ಟಲೆ ಬೆದೆ ಬರಲಿಲ್ಲ. ಕರೆಸಿದವರು ಕೈ ಹಾಕಿ ಪರೀಕ್ಷೆ ಮಾಡದೆ ‘ಬೆದೆಗೆ ಬರುವ ಇಂಜೆಕ್ಷನ್’ ಕೊಟ್ಟು ಹೋದರು. ಅದರ ಹೆಸರು ಪ್ರೊಸ್ಟಾಗ್ಲಾಂಡಿನ್.

ಒಂದು ಚುಚ್ಚುಮದ್ದು ನಾಲ್ಕು ತಿಂಗಳ ಗಬ್ಬವನ್ನು ಹೇಗೆ ಕೆಡವುತ್ತದೆ? ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಓದುವ ನಮಗೆ ಉತ್ತರ ಹೊಳೆಯಲಿಲ್ಲ. ರಜೆ ಮುಗಿಯುವವರೆಗೆ ಅದನ್ನೇ ಓದಿದೆವು, ಪರಿಚಯದ ಪಶುವೈದ್ಯರೊಬ್ಬರನ್ನು ಕಾಡಿದೆವು. ಅರ್ಥವಾದಷ್ಟನ್ನು ಇಲ್ಲಿ ಬರೆದಿದ್ದೇವೆ.

ಮೊದಲು ಪ್ರೊಜೆಸ್ಟರಾನ್. ಸಸ್ತನಿಗಳಲ್ಲಿ ಗರ್ಭವನ್ನು ಕಾಯುವ ಮುಖ್ಯ ಹಾರ್ಮೋನ್ ಇದೇ. ಗರ್ಭಕೋಶದ ಸ್ನಾಯುಗಳು ಹಿಂಡದಂತೆ ಸುಮ್ಮನಿರಿಸುವುದು, ಭ್ರೂಣಕ್ಕೆ ಮೆತ್ತನೆಯ ಹಾಸಿಗೆ ಸಿದ್ಧಮಾಡುವುದು ಇದರ ಕೆಲಸ. ಅಂಡ ಹೊರಬಿದ್ದ ಮೇಲೆ ಅಂಡಾಶಯದಲ್ಲಿ ಉಳಿಯುವ ಗುಳ್ಳೆಯೇ ಒಂದು ಸಣ್ಣ ಗ್ರಂಥಿಯಾಗಿ ಬದಲಾಗಿ ಇದನ್ನು ತಯಾರಿಸುತ್ತದೆ. ಅದಕ್ಕೆ ಕಾರ್ಪಸ್ ಲೂಟಿಯಂ ಅಂತ ಹೆಸರು, ಅಂದರೆ ಹಳದಿ ಕಾಯ. ಹಸು ಗಬ್ಬವಾಗದಿದ್ದರೆ ಸುಮಾರು 16-17ನೇ ದಿನಕ್ಕೆ ಗರ್ಭಕೋಶವೇ ಪ್ರೊಸ್ಟಾಗ್ಲಾಂಡಿನ್ ಸುರಿಸಿ ಈ ಹಳದಿ ಕಾಯವನ್ನು ಕರಗಿಸುತ್ತದೆ. ಪ್ರೊಜೆಸ್ಟರಾನ್ ಇಳಿಯುತ್ತದೆ, 21ನೇ ದಿನದ ಸುಮಾರಿಗೆ ಬೆದೆ. ಗಬ್ಬವಾಗಿದ್ದರೆ ಭ್ರೂಣ ಅಷ್ಟರೊಳಗೆ ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನ್ ಬಿಟ್ಟು ಅದನ್ನು ತಡೆಯುತ್ತದೆ. “ನಾನಿದ್ದೀನಿ, ಲೈನ್ ಆಫ್ ಮಾಡಬೇಡಿ” ಅಂತ ಸಬ್‌ಸ್ಟೇಷನ್‌ಗೆ ಫೋನ್ ಮಾಡಿದ ಹಾಗೆ.

ಈಗ ಅಜ್ಜಿಯ ಹಸುವಿಗೆ ಬರೋಣ. ಹಸುವಿನ ಗಬ್ಬ ಸುಮಾರು 280 ದಿನ. ಅದರಲ್ಲಿ ಮೊದಲ ಆರೇಳು ತಿಂಗಳು ಇಡೀ ಸಪ್ಲೈ ಆ ಒಂದು ಹಳದಿ ಕಾಯದ್ದೇ. ಭ್ರೂಣ ಫೋನ್ ಮಾಡಿ ತಡೆದಿದ್ದ ಅದೇ ರಾಸಾಯನಿಕವನ್ನು ಸಿರಿಂಜಿನಲ್ಲಿ ಹೊರಗಿನಿಂದ ಕೊಟ್ಟರೆ ಏನಾಗಬೇಕೋ ಅದೇ ಆಯಿತು. ಔಷಧಿ ಕೆಟ್ಟದ್ದಲ್ಲ, ಬರಡು ಹಸುವಿನಲ್ಲಿ ಬೆದೆ ತರಿಸಲು ಬಹಳ ಉಪಯೋಗದ್ದು. ಕೊಡುವ ಮೊದಲು ಗಬ್ಬ ಇಲ್ಲ ಅಂತ ಖಚಿತ ಮಾಡಿಕೊಳ್ಳಬೇಕು, ಅಷ್ಟೆ.

ನಮಗೆ ಆಶ್ಚರ್ಯವಾಗಿದ್ದು ಮುಂದಿನದು. ಎಲ್ಲ ಪ್ರಾಣಿಗಳಲ್ಲೂ ಹೀಗಲ್ಲ. ಮೇಕೆಯಲ್ಲಿ ಐದು ತಿಂಗಳೂ ಹಳದಿ ಕಾಯವೇ ಕಾಯಬೇಕು, ಬ್ಯಾಕಪ್ ಇಲ್ಲ. ನೋಡಲು ಮೇಕೆಯ ಅಕ್ಕತಂಗಿಯಂತಿರುವ ಕುರಿಯಲ್ಲಿ ಸುಮಾರು 50 ದಿನಕ್ಕೇ ಮಾಸು ತಾನೇ ಪ್ರೊಜೆಸ್ಟರಾನ್ ತಯಾರಿಸಿಕೊಂಡು ಸ್ವತಂತ್ರವಾಗುತ್ತದೆ. ಮನುಷ್ಯರಲ್ಲಿ ಈ ಹಸ್ತಾಂತರ ಎಂಟು-ಹತ್ತು ವಾರಕ್ಕೆ. ಹಾರ್ಮೋನ್ ಒಂದೇ, ಆದರೆ ಅದನ್ನು ಯಾರು, ಎಲ್ಲಿಯವರೆಗೆ ಪೂರೈಸುತ್ತಾರೆ ಅನ್ನೋದು ಬೇರೆ ಬೇರೆ. ಒಂದು ಪ್ರಾಣಿಯಲ್ಲಿ ನೋಡಿದ್ದನ್ನು ಇನ್ನೊಂದಕ್ಕೆ ಹಾಗೇ ಅನ್ವಯಿಸಿದರೆ ಎಡವಟ್ಟಾಗುವುದು ಇಲ್ಲೇ.

ವಾಪಸ್ ಬರುವಾಗ ಕುಣಿಗಲ್ ಹತ್ತಿರ ಗೆಳೆಯ “ಕುದುರೆ ಫಾರಂ ಇರೋದು ಇಲ್ಲೇ” ಅಂದ. ಯಡಿಯೂರಿನಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಟಿಪ್ಪು ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕುತ್ತಿದ್ದ ಜಾಗ, ಆಮೇಲೆ ರೇಸ್ ಕುದುರೆಗಳಿಗೆ ಹೆಸರಾಯಿತು. ಹಸುವಿನ ಕಥೆ ತಲೆಯಲ್ಲಿ ಓಡುತ್ತಿದ್ದುದರಿಂದ ಕುದುರೆಯದನ್ನೂ ಕೆದಕಿದೆವು. ಹಾಗೆ ನೋಡಿದರೆ ಹಸುವೇ ಸರಳ ಅನ್ನಿಸಿತು.

ಹೆಣ್ಣು ಕುದುರೆಯ ಗಬ್ಬ ಹನ್ನೊಂದು ತಿಂಗಳು. ಭ್ರೂಣ ಸುಮಾರು 16ನೇ ದಿನದವರೆಗೆ ಒಂದು ಕಡೆ ನಿಲ್ಲುವುದೇ ಇಲ್ಲ, ಗರ್ಭಕೋಶದ ತುಂಬ ಓಡಾಡುತ್ತದೆ. ಈ ಓಡಾಟವೇ ತಾಯಿಗೆ ಸುದ್ದಿ ಮುಟ್ಟಿಸುತ್ತದೆ ಅನ್ನುತ್ತಾರೆ. ಇಂಟರ್‌ಫೆರಾನ್ ಟೌನಂಥ ಖಚಿತ ಸಂದೇಶವಾಹಕ ಕುದುರೆಯಲ್ಲಿ ವಿಜ್ಞಾನಿಗಳಿಗೆ ಇನ್ನೂ ಸಿಕ್ಕಿಲ್ಲ. ನಂತರ, ಸುಮಾರು 36-38ನೇ ದಿನ, ಭ್ರೂಣದ ಹೊರಪೊರೆಯ ಒಂದು ಪಟ್ಟಿಯಿಂದ ಕೆಲವು ಜೀವಕೋಶಗಳು ಬೇರ್ಪಟ್ಟು ತಾಯಿಯ ಗರ್ಭಕೋಶದ ಗೋಡೆಯೊಳಗೆ ನುಗ್ಗಿ ಬಟ್ಟಲಿನಂಥ ಗಂಟುಗಳಾಗುತ್ತವೆ. ಇವಕ್ಕೆ ಎಂಡೋಮೆಟ್ರಿಯಲ್ ಕಪ್ ಅಂತ ಹೆಸರು. ಇವು ತಾಯಿಯ ಅಂಗಾಂಶವಲ್ಲ, ಮರಿಯವೇ ಅಂತ 1970ರ ದಶಕದಲ್ಲಿ ಕೇಂಬ್ರಿಜ್‌ನ ಡಬ್ಲ್ಯೂ. ಆರ್. ಆಲೆನ್ ಮತ್ತು ಸಂಗಡಿಗರು ತೋರಿಸಿಕೊಟ್ಟರು.

ಈ ಬಟ್ಟಲುಗಳು ಇಸಿಜಿ ಎಂಬ ಹಾರ್ಮೋನನ್ನು ತಾಯಿಯ ರಕ್ತಕ್ಕೆ ಬಿಡುತ್ತವೆ. (ಹೃದಯದ ಇಸಿಜಿ ಅಲ್ಲ, ಇದು ಈಕ್ವೈನ್ ಕೋರಿಯಾನಿಕ್ ಗೊನಡೋಟ್ರೋಪಿನ್. ನಾವೂ ಮೊದಲು ಗಲಿಬಿಲಿಯಾದೆವು.) ಅದರ ಪ್ರಭಾವದಲ್ಲಿ ಅಂಡಾಶಯದಲ್ಲಿ ಹೆಚ್ಚುವರಿ ಹಳದಿ ಕಾಯಗಳು ಹುಟ್ಟಿ ಪ್ರೊಜೆಸ್ಟರಾನ್ ಏರುತ್ತದೆ. ನೂರು ದಿನ ದಾಟುವಷ್ಟರಲ್ಲಿ ಮಾಸು ಆ ಹೊಣೆ ವಹಿಸಿಕೊಂಡಿರುತ್ತದೆ. ಅತ್ತ ಬಟ್ಟಲುಗಳಲ್ಲಿ ತಂದೆಯ ಜೀನುಗಳೂ ಇರುವುದರಿಂದ ತಾಯಿಯ ರೋಗನಿರೋಧಕ ಕೋಶಗಳು ಅವನ್ನು ಸುತ್ತುವರಿದು 120ನೇ ದಿನದ ಸುಮಾರಿಗೆ ನಾಶ ಮಾಡುತ್ತವೆ. ಕೆಲಸ ಮುಗಿದ ಮೇಲೆ ಸೆಂಟ್ರಿಂಗ್ ಬಿಚ್ಚಿದ ಹಾಗೆ ಅಂತ ನಮ್ಮ ಸಿವಿಲ್ ಗೆಳತಿಯ ಹೋಲಿಕೆ.

ಕುದುರೆ ಸಾಕುವವರಿಗೆ ನಷ್ಟ ಬರುವುದು ಇಲ್ಲೇ. 50ನೇ ದಿನಕ್ಕೆ ಭ್ರೂಣ ಸತ್ತಿತು ಅಂದುಕೊಳ್ಳಿ. ಮರಿ ಹೋದರೂ ಬಟ್ಟಲುಗಳು ಉಳಿದಿರುತ್ತವೆ, ಹಾರ್ಮೋನ್ ಸುರಿಸುತ್ತಲೇ ಇರುತ್ತವೆ. ರಕ್ತಪರೀಕ್ಷೆ ಮಾಡಿದರೆ ‘ಗಬ್ಬ’ ಅಂತಲೇ ಬರುತ್ತದೆ. ಬಟ್ಟಲು ಕರಗುವವರೆಗೆ ಕುದುರೆ ಸಾಮಾನ್ಯವಾಗಿ ಸರಿಯಾಗಿ ಬೆದೆಗೆ ಬರುವುದಿಲ್ಲ. ಹಸುವಿಗೆ ಕೊಟ್ಟಂಥ ಒಂದು ಸೂಜಿಯಿಂದ ಸರಿಹೋಗುವ ಹಂತವೂ ದಾಟಿರುತ್ತದೆ. ರೇಸ್ ಕುದುರೆಗಳ ವಯಸ್ಸನ್ನು ಜನವರಿ 1ರಿಂದ ಲೆಕ್ಕ ಹಾಕುವುದರಿಂದ ಮರಿ ವರ್ಷದ ಮೊದಲ ತಿಂಗಳುಗಳಲ್ಲೇ ಹುಟ್ಟಬೇಕು. ಬಟ್ಟಲು ಕರಗುವಷ್ಟರಲ್ಲಿ ಸೀಸನ್ ಮುಗಿದು ಒಂದು ವರ್ಷವೇ ಖಾಲಿ. ಅದಕ್ಕೇ ಪಶುವೈದ್ಯರು 14-15ನೇ ದಿನಕ್ಕೇ ಸ್ಕ್ಯಾನ್ ಮಾಡಿ ಅವಳಿ ಇದೆಯೇ ನೋಡುತ್ತಾರೆ. ಕುದುರೆಯಲ್ಲಿ ಅವಳಿ ಸಾಮಾನ್ಯವಾಗಿ ದಕ್ಕುವುದಿಲ್ಲ, ಸರಿಪಡಿಸುವುದಿದ್ದರೆ ಬಟ್ಟಲು ಮೂಡುವುದಕ್ಕೆ ಮುಂಚೆಯೇ ಆಗಬೇಕು.

ಈ ಹಾರ್ಮೋನನ್ನು 1930ರಲ್ಲಿ ಕ್ಯಾಲಿಫೋರ್ನಿಯಾದ ಕೋಲ್ ಮತ್ತು ಹಾರ್ಟ್ ಗುರುತಿಸಿದರು: ಗಬ್ಬದ ಕುದುರೆಯ ಸೀರಂ ಚುಚ್ಚಿದಾಗ ಎಳೆಯ ಇಲಿಗಳ ಅಂಡಾಶಯ ಬೆಳೆಯಿತು. ಇವತ್ತು ಅದೇ ವಸ್ತು ಪಿಎಂಎಸ್‌ಜಿ ಎಂಬ ಹೆಸರಲ್ಲಿ ಹಸು, ಕುರಿಗಳ ಇಂಜೆಕ್ಷನ್ ಆಗಿದೆ. ಐಸ್‌ಲ್ಯಾಂಡ್, ಉರುಗ್ವೆ, ಅರ್ಜೆಂಟೀನಾಗಳಲ್ಲಿ ಗಬ್ಬದ ಕುದುರೆಗಳ ರಕ್ತ ತೆಗೆದು ಇದನ್ನು ತಯಾರಿಸುತ್ತಾರೆ. ಅಲ್ಲಿ ಅದರ ವಿರುದ್ಧ ಜಗಳವೂ ಇದೆ. ಓದಿದ ಮೇಲೆ ನಮಗೂ ಮುಜುಗರವಾಯಿತು.

ನಮ್ಮಲ್ಲೊಬ್ಬನ ಪ್ರಶ್ನೆ: ಮೆಡಿಕಲ್ ಶಾಪಿನ ಪ್ರೆಗ್ನೆನ್ಸಿ ಕಿಟ್ಟನ್ನು ಹಸುವಿಗೆ ಬಳಸಿದ್ದರೆ ಆಗುತ್ತಿತ್ತಲ್ಲ? ಆಗುವುದಿಲ್ಲ. ಆ ಕಿಟ್ ಹುಡುಕುವುದು ಎಚ್‌ಸಿಜಿ ಎಂಬ ಮನುಷ್ಯರ ಹಾರ್ಮೋನನ್ನು, ಹಸು ಅದನ್ನು ತಯಾರಿಸುವುದೇ ಇಲ್ಲ. ನಾಯಿಯ ಕಥೆ ಇನ್ನೂ ವಿಚಿತ್ರ. ಹೆಣ್ಣುನಾಯಿಯಲ್ಲಿ ಗಬ್ಬವಿರಲಿ ಬಿಡಲಿ, ಬೆದೆಯ ನಂತರ ಎರಡು ತಿಂಗಳು ಪ್ರೊಜೆಸ್ಟರಾನ್ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ. ನಮ್ಮ ಹಾಸ್ಟೆಲ್ ಹಿಂದಿನ ನಾಯಿ ಮರಿಯೇ ಇಲ್ಲದೆ ಗೋಣಿಚೀಲ ಹಾಸಿಕೊಂಡು, ಕೆಚ್ಚಲು ಇಳಿಸಿಕೊಂಡು ಕೂತಿದ್ದಕ್ಕೆ ಕಾರಣ ಕೊನೆಗೂ ತಿಳಿಯಿತು. ನಾಯಿಯಲ್ಲಿ ಗಬ್ಬವನ್ನು ಹಿಡಿಯಲು ಮಾಸು ಬಿಡುವ ರಿಲಾಕ್ಸಿನ್ ನೋಡಬೇಕು. ಇಪ್ಪತ್ತೆರಡು ತಿಂಗಳು ಹೊರುವ ಆನೆಯ ರಕ್ತದಲ್ಲಿ ಪ್ರೊಜೆಸ್ಟರಾನ್ ಕಡಿಮೆ, ಅದರ ಹತ್ತಿರದ ಬಂಧುಗಳಾದ ಬೇರೆ ಸಂಯುಕ್ತಗಳೇ ಹೆಚ್ಚು.

ಹಸುವಿಗೆ ಮನೆಯಲ್ಲೇ ಮಾಡುವ ಒಂದು ಪರೀಕ್ಷೆ ಉಂಟು, ‘ಪುಣ್ಯಕೋಟಿ ಟೆಸ್ಟ್’ ಅಂತಲೇ ಹೆಸರು. ಒಂದು ಪಾಲು ಗಂಜಲಕ್ಕೆ ನಾಲ್ಕು ಪಾಲು ನೀರು ಬೆರೆಸಿ ಗೋಧಿ ಅಥವಾ ಹೆಸರುಕಾಳು ನೆನೆಸಿ ಐದು ದಿನ ಬಿಡುವುದು. ಬರಡು ಹಸುವಿನದಾದರೆ ಕಾಳು ಮೊಳೆಯುತ್ತದೆ, ಗಬ್ಬದ್ದಾದರೆ ಮೊಳಕೆ ಸೊರಗುತ್ತದೆ ಅನ್ನೋದು ಲೆಕ್ಕ. ಗೆಳೆಯ ಪಕ್ಕದ ಮನೆಯ ಐದು ತಿಂಗಳ ಗಬ್ಬದ ಹಸುವಿನ ಮೇಲೆ ಮಾಡಿ ಫೋಟೋ ಕಳಿಸಿದ. ಅರ್ಧ ಕಾಳು ಮೊಳೆತಿತ್ತು, ಅರ್ಧ ಕಪ್ಪಾಗಿತ್ತು. ಪಶುವೈದ್ಯರು ನಕ್ಕು, “ಮಾಡಿ, ತಪ್ಪಿಲ್ಲ. ಆದ್ರೆ ಅದನ್ನ ನಂಬ್ಕೊಂಡು ಸೂಜಿ ಮಾತ್ರ ಹಾಕಿಸಬೇಡಿ. 60ರಿಂದ 90 ದಿನದೊಳಗೆ ಕೈ ಹಾಕಿ ನೋಡಿದ್ರೆ ಮುಗೀತಲ್ಲ” ಅಂದರು.

ಮೊನ್ನೆ ಅಜ್ಜಿಗೆ ಫೋನ್ ಮಾಡಿದ್ದೆವು. ಹಸು ಮತ್ತೆ ಬೆದೆಗೆ ಬಂದು ಕೃತಕ ಗರ್ಭಧಾರಣೆ ಆಗಿದೆ. ಆ ತಾರೀಖಿಗೆ ಅಡುಗೆಮನೆ ಕ್ಯಾಲೆಂಡರಿನಲ್ಲಿ ಗುಂಡು ಸುತ್ತಿ, ಪಕ್ಕದಲ್ಲಿ ಮೊಮ್ಮಗನ ಕೈಯಲ್ಲಿ ‘60’ ಅಂತ ಬರೆಸಿದ್ದಾರಂತೆ. ಇವತ್ತಿಗೆ 43ನೇ ದಿನ.