ಆಹಾರವೋ? ಜನಾಂಗವೋ?

ಒಂದು ಪ್ರಾಂತದ ಜನರು ಬಲಿಷ್ಠರಾಗಿಯೂ ಇನ್ನೊಂದರವರು ಕೃಶರಾಗಿಯೂ ಇರಲು ಕಾರಣವೇನು? ಬ್ರಿಟಿಷ್ ಆಳ್ವಿಕೆಯಲ್ಲಿ ಇದಕ್ಕೆ ಸಿದ್ಧವಾದ ಉತ್ತರವೊಂದಿದ್ದಿತು: ಕೆಲವು ಜನಾಂಗಗಳು ಹುಟ್ಟಿನಿಂದಲೇ ಯೋಧರು, ಉಳಿದವು ದುರ್ಬಲ. ಸೈನ್ಯಕ್ಕೆ ಆಳುಗಳನ್ನು ಆರಿಸುವಾಗಲೂ ಈ ನಂಬಿಕೆಯನ್ನೇ ಅನುಸರಿಸುತ್ತಿದ್ದರು.

ಕಲ್ಕತ್ತೆಯ ಮೆಡಿಕಲ್ ಕಾಲೇಜಿನ ಪ್ರಾಧ್ಯಾಪಕ ಡೇವಿಡ್ ಮೆಕೇ 1912ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬಂಗಾಳಿಗಳ ದೇಹದೌರ್ಬಲ್ಯಕ್ಕೆ ಅವರ ಆಹಾರದಲ್ಲಿನ ಸಸಾರಜನಕದ ಕೊರತೆಯೇ ಕಾರಣವೆಂದು ವಾದಿಸಿದನು. ಹೀಗೆ ವಿಚಾರವು ಹುಟ್ಟಿನಿಂದ ಊಟದ ಕಡೆಗೆ ತಿರುಗಿತು. ಆದರೆ ಜನಾಂಗಗಳನ್ನು ಮೇಲುಕೀಳೆಂದು ಎಣಿಸುವ ಅಭ್ಯಾಸ ಹೋಗಲಿಲ್ಲ.

1920ರ ದಶಕದಲ್ಲಿ ಕೂನೂರಿನ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯವಿಜ್ಞಾನಿಯು ಇದನ್ನು ಪ್ರಯೋಗಕ್ಕೆ ಒಡ್ಡಿದನು. ಒಂದೇ ವಯಸ್ಸಿನ, ಒಂದೇ ತೂಕದ ಎಳೆಯ ಇಲಿಗಳನ್ನು ಏಳು ಗುಂಪುಗಳಾಗಿ ವಿಂಗಡಿಸಿ, ಸಿಖ್, ಪಠಾಣ, ಮರಾಠ, ಗೂರ್ಖಾ, ಕನ್ನಡಿಗ, ಬಂಗಾಳಿ, ಮದರಾಸಿ ಎಂಬ ಏಳು ಬಗೆಯ ಆಹಾರಗಳನ್ನು ಒಂದೊಂದು ಗುಂಪಿಗೆ ಕೊಟ್ಟನು. ಕೊನೆಯಲ್ಲಿ ತೂಗಿದಾಗ, ಸಿಖ್ಖರ ಆಹಾರ ತಿಂದ ಇಲಿಗಳ ಸರಾಸರಿ ತೂಕ 235 ಗ್ರಾಂ, ಕನ್ನಡಿಗರ ಆಹಾರದವು 185 ಗ್ರಾಂ, ಮದರಾಸಿನವು 155 ಗ್ರಾಂ. ಮೊದಲನೆಯದರಲ್ಲಿ ತೌಡುಸಹಿತ ಗೋಧಿಯ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ತರಕಾರಿಗಳಿದ್ದವು. ಕೊನೆಯದರಲ್ಲಿ ಹೆಚ್ಚಿನ ಭಾಗ ಪಾಲಿಷ್ ಮಾಡಿದ ಅಕ್ಕಿ, ಹಾಲು ಅತ್ಯಲ್ಪ. ಅಕ್ಕಿಯನ್ನು ನುಣುಪು ಮಾಡುವಾಗ ತೌಡಿನೊಡನೆ 'ಬಿ1' ಜೀವಾತುವು ನಷ್ಟವಾಗುತ್ತದೆ. ಹಾಲಿಲ್ಲದೆ 'ಎ' ಜೀವಾತುವೂ ಸುಣ್ಣಾಂಶವೂ ಸಾಲವು.

ಇದರ ಅರ್ಥವೇನೆಂಬುದನ್ನು ವಿಚಾರಿಸೋಣ. ಇಲಿಗಳಲ್ಲಿ ಸಿಖ್ಖ, ಮದರಾಸಿ ಎಂಬ ಭೇದವಿಲ್ಲ. ಆಹಾರವೊಂದನ್ನೇ ಬದಲಿಸಿ ಇಷ್ಟು ಅಂತರವನ್ನು ಉಂಟುಮಾಡಬಹುದಾದರೆ, ದೇಹಬಲದ ವ್ಯತ್ಯಾಸವನ್ನು ಕಂಡೊಡನೆ ಹುಟ್ಟನ್ನು ದೂರುವುದು ಸಲ್ಲದು.

ಆದರೆ ಪ್ರಯೋಗದಲ್ಲಿ ಒಂದು ನ್ಯೂನತೆಯಿದ್ದಿತು. ಒಂದು ಪ್ರಾಂತಕ್ಕೆ ಒಂದೇ ಆಹಾರವೆಂದು ಎಣಿಸಿದರೆ, ಅಲ್ಲಿಯ ಜಮೀನ್ದಾರನೂ ಕೂಲಿಯವನೂ ಒಂದೇ ಊಟ ಉಣ್ಣುವರೆಂದಂತಾಯಿತು. ಬಡವನು ಹಾಲನ್ನು ಬಿಟ್ಟಿರುವುದು ಸಂಪ್ರದಾಯದಿಂದಲ್ಲ, ಕೊಳ್ಳಲಾರದೆ. 1877ರ ಕ್ಷಾಮದಲ್ಲಿ, ಬಳ್ಳಾರಿಯೂ ಸೇರಿದ್ದ ಮದರಾಸು ಪ್ರಾಂತದ ಪರಿಹಾರ ಕಾಮಗಾರಿಗಳಲ್ಲಿ ದುಡಿಯುವ ಗಂಡಾಳಿಗೆ ದಿನವೊಂದಕ್ಕೆ ಒಂದು ಪೌಂಡ್ (ಸುಮಾರು 450 ಗ್ರಾಂ) ಧಾನ್ಯದ ಬೆಲೆಯೂ ಒಂದಾಣೆಯೂ ಸಾಕೆಂದು ಸರ್ ರಿಚರ್ಡ್ ಟೆಂಪಲ್ ವಿಧಿಸಿದನು. ದುಡಿಯುವ ದೇಹಕ್ಕೆ ಅದು ಸಾಲದೆಂದು ಪ್ರಾಂತದ ಸ್ಯಾನಿಟರಿ ಕಮಿಷನರ್ ಕಾರ್ನಿಷ್ ಪ್ರತಿಭಟಿಸಿದನು. ಅಲ್ಲಿ ಕೂಲಿಕಾರರು ಸೊರಗಿದುದಕ್ಕೆ ಅವರ ಜನಾಂಗವಾಗಲಿ ಆಹಾರಪದ್ಧತಿಯಾಗಲಿ ಕಾರಣವಲ್ಲ.

ಆದುದರಿಂದ, ಜನರ ದೇಹಗಳನ್ನು ಹೋಲಿಸುವ ಮುನ್ನ ಅವರು ಏನನ್ನು ಉಣ್ಣುತ್ತಾರೆಂದು ಕೇಳಿದರೆ ಸಾಲದು. ಅದಕ್ಕಿಂತ ಹೆಚ್ಚಿನದು ಅವರಿಗೇಕೆ ದೊರೆಯಲಿಲ್ಲವೆಂದೂ ಕೇಳಬೇಕು.