ಸ್ಟೋರ್ ಲೆಕ್ಕ ತಪ್ಪದಿರಲು: ಡೇಟಾಬೇಸ್ ಸೆಷನ್ ನಿರ್ವಹಣೆ ಹೇಗೆ?

ಲಾಟ್‌ನಲ್ಲಿ 40 ಡ್ರಮ್ ಸಾಲ್ವೆಂಟ್ ಇದೆ ಎಂದುಕೊಳ್ಳಿ. ಸ್ಟೋರ್‌ಕೀಪರ್ ಕಂಪ್ಯೂಟರ್‌ನಲ್ಲಿ ಆ ಲಾಟ್‌ನ ಪುಟ ತೆರೆದಿದ್ದಾರೆ, ಡಿಸ್ಪ್ಯಾಚ್ ಸೂಪರ್‌ವೈಸರ್ ಮೊಬೈಲ್‌ನಲ್ಲಿ ಅದೇ ಪುಟ ತೆರೆದಿದ್ದಾರೆ. ಒಬ್ಬರು 15 ಡ್ರಮ್ ಕಳೆದು 25 ಎಂದು ಸೇವ್ ಮಾಡುತ್ತಾರೆ. ಇನ್ನೊಬ್ಬರ ಪರದೆಯಲ್ಲಿ ಇನ್ನೂ 40 ಇದೆ. ಅವರು 10 ಕಳೆದು 30 ಎಂದು ಸೇವ್ ಮಾಡುತ್ತಾರೆ. ಗೋದಾಮಿನಲ್ಲಿ ಉಳಿದದ್ದು 15, ದಾಖಲೆಯಲ್ಲಿ 30.

ಮುಂಬೈ ಬಳಿಯ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಇದು ಬರಿಯ ಲೆಕ್ಕಪತ್ರದ ತಪ್ಪಲ್ಲ. 2016ರ ಮೇ 26 ಮತ್ತು 2024ರ ಮೇ 23ರ ರಾಸಾಯನಿಕ ಕಾರ್ಖಾನೆ ಸ್ಫೋಟಗಳನ್ನು ಕಂಡ ಊರಿದು. ಯಾವ ಶೆಡ್ಡಿನಲ್ಲಿ ಎಷ್ಟು ಉರಿಯುವ ದ್ರವವಿದೆ ಎಂಬುದು ಅಗ್ನಿಶಾಮಕ ದಳದವರಿಗೆ ಸರಿಯಾಗಿ ಸಿಗಲೇಬೇಕು. ಇಂಥ ಕಾರ್ಖಾನೆಗಳಿಗೆ ವೆಬ್ ಅಪ್ಲಿಕೇಶನ್ ಬರೆಯುವವರು ಕೆಳಗಿನ ಕ್ರಮ ಅನುಸರಿಸಬೇಕು.

ಮೊದಲನೆಯದಾಗಿ, ರಿಕ್ವೆಸ್ಟ್ ಬಂದಾಗ ಡೇಟಾಬೇಸ್ ಸೆಷನ್ ತೆರೆಯಲಿ, ಉತ್ತರ ಹೋಗುವಷ್ಟರಲ್ಲಿ ಮುಚ್ಚಲಿ. ಕೆಲಸ ಆದರೆ ಕಮಿಟ್, ಎಡವಿದರೆ ರೋಲ್‌ಬ್ಯಾಕ್; ಎರಡರಲ್ಲೂ ಕೊನೆಗೆ ಕ್ಲೋಸ್. ಇದನ್ನು ಪ್ರತಿ ಪುಟದಲ್ಲೂ ಬರೆಯಬೇಡಿ, ಫ್ರೇಮ್‌ವರ್ಕ್‌ನ ಒಂದೇ ಜಾಗದಲ್ಲಿ ಇಡಿ. ಇಡೀ ಅಪ್ಲಿಕೇಶನ್‌ಗೆ ಒಂದೇ ಗ್ಲೋಬಲ್ ಸೆಷನ್ ಇಟ್ಟರೆ ಒಬ್ಬರ ರೋಲ್‌ಬ್ಯಾಕ್ ಇನ್ನೊಬ್ಬರ ನಮೂದನ್ನೂ ಅಳಿಸಿಬಿಡುತ್ತದೆ.

ಎರಡನೆಯದು ಎಲ್ಲಕ್ಕಿಂತ ಮುಖ್ಯ. ಇಂಡೆಂಟ್ ತುಂಬುವುದು, ಮಂಜೂರಾತಿ, ಗೇಟ್ ಪಾಸ್: ಒಂದೇ ಕೆಲಸ, ಆದರೆ ಮೂರು ರಿಕ್ವೆಸ್ಟ್, ಮೂವರು ಮನುಷ್ಯರು. ಇಷ್ಟಕ್ಕೂ ಒಂದೇ ಟ್ರಾನ್ಸಾಕ್ಷನ್ ತೆರೆದಿಡುವ ಆಸೆ ಬೇಡ. ಮಂಜೂರು ಮಾಡುವವರು ಚಹಾಕ್ಕೆ ಹೋದರೆ ಆ ಸಾಲಿನ ಲಾಕ್ ಹಾಗೇ ಉಳಿಯುತ್ತದೆ, ಉಳಿದವರ ಪರದೆ ಸುತ್ತುತ್ತಲೇ ಇರುತ್ತದೆ. ಪ್ರತಿ ಹಂತಕ್ಕೂ ಪುಟ್ಟ, ಪ್ರತ್ಯೇಕ ಟ್ರಾನ್ಸಾಕ್ಷನ್ ಇರಲಿ. ಕೆಲಸ ಎಲ್ಲಿಗೆ ಬಂತು ಎಂಬುದು ಟೇಬಲ್‌ನ ಸ್ಥಿತಿ ಕಾಲಮ್‌ನಲ್ಲಿರಲಿ: ಕರಡು, ಮಂಜೂರು, ಹೊರಹೋಗಿದೆ.

ಜೊತೆಗೆ ಪ್ರತಿ ಸಾಲಿಗೂ ಆವೃತ್ತಿ ಸಂಖ್ಯೆಯ ಕಾಲಮ್ ಸೇರಿಸಿ. ಪುಟ ತೆರೆದಾಗ ಸಂಖ್ಯೆ 7 ಇದ್ದರೆ ಫಾರ್ಮ್ ಜೊತೆ ಅದೂ ಹೋಗಲಿ. ಸೇವ್ ಮಾಡುವಾಗ ‘ಈಗಲೂ 7 ಇದ್ದರೆ ಮಾತ್ರ ಬದಲಿಸು, 8 ಮಾಡು’ ಎಂಬ ಷರತ್ತು ಹಾಕಿ. ಬದಲಾದ ಸಾಲುಗಳು ಸೊನ್ನೆ ಎಂದು ಬಂದರೆ ನಡುವೆ ಬೇರೆಯವರು ಸೇವ್ ಮಾಡಿದ್ದಾರೆ ಎಂದರ್ಥ. ಆಗ ಹೊಸ ಬಾಕಿ ತೋರಿಸಿ, ಮತ್ತೆ ನಮೂದಿಸಲು ಹೇಳಿ. ಕೇಳದೆ ತಾನಾಗಿ ಮೇಲೆ ಬರೆಯುವ ಕೋಡ್ ನನ್ನ ದೃಷ್ಟಿಯಲ್ಲಿ ಅಪಾಯಕಾರಿ. ಹೈಬರ್ನೇಟ್, ಎಸ್‌ಕ್ಯೂಎಲ್‌ಆಲ್ಕೆಮಿ ಎರಡರಲ್ಲೂ ಈ ಸೌಲಭ್ಯ ಸಿದ್ಧವಿದೆ. ಲಾಗಿನ್ ಸೆಷನ್‌ನಲ್ಲಿ ಇಂಡೆಂಟ್ ಸಂಖ್ಯೆಯನ್ನಷ್ಟೇ ಇಡಿ, ಡೇಟಾಬೇಸ್‌ನಿಂದ ತಂದ ಇಡೀ ಆಬ್ಜೆಕ್ಟನ್ನಲ್ಲ. ಅದು ಬೇಗ ಹಳಸುತ್ತದೆ.

ಮೂರನೆಯದು ಕನೆಕ್ಷನ್ ಪೂಲ್ ಲೆಕ್ಕ. ಪೋಸ್ಟ್‌ಗ್ರೆಸ್ ಬದಲಾಯಿಸದ ಹೊರತು 100 ಕನೆಕ್ಷನ್‌ಗೆ ನಿಲ್ಲುತ್ತದೆ, ಮೈಎಸ್‌ಕ್ಯೂಎಲ್ 151ಕ್ಕೆ. ಎಸ್‌ಕ್ಯೂಎಲ್‌ಆಲ್ಕೆಮಿಯ ಪೂಲ್ ಪ್ರತಿ ಪ್ರೊಸೆಸ್‌ಗೆ 5, ಒತ್ತಡ ಬಂದಾಗ ಇನ್ನೂ 10. ಎಂಟು ವರ್ಕರ್ ಪ್ರೊಸೆಸ್ ಓಡಿಸಿದರೆ 120ರವರೆಗೂ ಹೋಗಬಹುದು. ಪೋಸ್ಟ್‌ಗ್ರೆಸ್‌ನ ಮಿತಿ ಅಲ್ಲಿಗೇ ದಾಟಿತು. ವರ್ಕರ್ ಸಂಖ್ಯೆ ಮತ್ತು ಪೂಲ್‌ನ ಗರಿಷ್ಠ ಗಾತ್ರ ಗುಣಿಸಿ ನೋಡಿಯೇ ಸೆಟ್ಟಿಂಗ್ ಹಾಕಿ.

ಬೆಳಗಿನ ಮೊದಲ ರಿಕ್ವೆಸ್ಟ್ ಮಾತ್ರ ಕೈಕೊಡುತ್ತಿದೆಯೇ? ಮೈಎಸ್‌ಕ್ಯೂಎಲ್ ಸುಮ್ಮನಿರುವ ಕನೆಕ್ಷನ್ ಅನ್ನು 28,800 ಸೆಕೆಂಡ್, ಅಂದರೆ 8 ತಾಸಿನ ಬಳಿಕ ಕಡಿಯುತ್ತದೆ. ಸಂಜೆ 6ಕ್ಕೆ ಮುಚ್ಚಿ ಬೆಳಿಗ್ಗೆ 8.30ಕ್ಕೆ ತೆರೆಯುವ ಕಚೇರಿಯಲ್ಲಿ ಪೂಲ್‌ನಲ್ಲಿರುವುದು ಸತ್ತ ಕನೆಕ್ಷನ್‌ಗಳೇ. ಬಳಸುವ ಮುನ್ನ ಕನೆಕ್ಷನ್ ಪರೀಕ್ಷಿಸುವ ‘ಪ್ರೀ ಪಿಂಗ್’ ಆನ್ ಮಾಡಿ.

ಪೋಸ್ಟ್‌ಗ್ರೆಸ್ ಬಳಸುವವರು ಚಾಲ್ತಿ ಸೆಷನ್‌ಗಳ ಪಟ್ಟಿಯಲ್ಲಿ ‘ಐಡಲ್ ಇನ್ ಟ್ರಾನ್ಸಾಕ್ಷನ್’ ಎಂದು ಬಹಳ ಹೊತ್ತು ನಿಂತ ಸಾಲುಗಳನ್ನು ಹುಡುಕಬೇಕು. ಇಂಥವಕ್ಕೆ ಮೊದಲಿನಿಂದ ಕಾಲಮಿತಿ ಇರುವುದಿಲ್ಲ. ಒಂದು ನಿಮಿಷ ಹಾಕಿದರೆ ಸ್ಟೋರ್ ಕೆಲಸಕ್ಕೆ ಧಾರಾಳ.

ಅಪ್ಲಿಕೇಶನ್ ಚಾಲೂ ಮಾಡುವ ಮುನ್ನ ಸ್ಟೋರ್‌ಕೀಪರ್ ಪಕ್ಕದಲ್ಲೇ ಕುಳಿತು, ಎರಡು ಬ್ರೌಸರ್‌ನಲ್ಲಿ ಒಂದೇ ಲಾಟ್ ತೆರೆದು, ಎರಡರಲ್ಲೂ ಸೇವ್ ಒತ್ತಿ ನೋಡಿ. ಎರಡನೆಯದು ತಡೆಯದೆ ಸೇವ್ ಆದರೆ ಆ ದಿನ ಅಪ್ಲಿಕೇಶನ್ ಒಪ್ಪಿಸಬೇಡಿ.